ಪಿಕಾಚುವಿನ ಪೆಟ್ಟು, ಪೀಣ್ಯದ ಅಳತೆ

ಬೆಂಗಳೂರಿನ ಹೊರವಲಯದ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಹಿರಿಯರನ್ನು ಮಾತಿಗೆಳೆದರೆ ಜೀರ್ಜಿಂಬೆಯ ಕಥೆ ಬಾರದೆ ಇರುವುದಿಲ್ಲ. ಮಳೆ ಬಿದ್ದ ಮೇಲೆ ಜಾಲಿ ಗಿಡಗಳಲ್ಲಿ ಮಿರಮಿರ ಮಿಂಚುವ ಆ ಹುಳುವನ್ನು ಹಿಡಿಯುವುದು, ಬೆಂಕಿಪೊಟ್ಟಣದೊಳಗೆ ಸೊಪ್ಪು ಹಾಕಿ ಸಾಕುವುದು, ಯಾರಿಗೂ ಕಾಣದಂತೆ ಜೇಬಿನಲ್ಲಿಟ್ಟು ಶಾಲೆಗೆ ಒಯ್ಯುವುದು, ಅಲ್ಲಿ ಗೆಳೆಯನ ಹುಳುವಿನೊಂದಿಗೆ ಹೋಲಿಸಿ ನೋಡುವುದು. ಅಂದಿನ ಬಾಲ್ಯದ ದೊಡ್ಡ ಸಂಪತ್ತು ಅದು.

ಆ ಹೊಲಗಳು ಈಗಿಲ್ಲ. ಪೀಣ್ಯದ ಬಯಲಿನಲ್ಲಿ 1970ರ ದಶಕದಲ್ಲಿ ಕಾರ್ಖಾನೆಗಳ ಶೆಡ್ಡುಗಳು ತಲೆಯೆತ್ತಿದವು. ಅದೇ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್‌ಗೆ 1990ರ ದಶಕದಲ್ಲಿ ಟೆಕ್ ಪಾರ್ಕ್ ಬಂತು. ಹುಳುಗಳು ಹೋದವು. ಅವುಗಳ ಜಾಗಕ್ಕೆ ಮಕ್ಕಳ ಅಂಗೈಯ ಪರದೆಯಲ್ಲಿ ಬೇರೊಂದು ಬಗೆಯ ಜೀವಿಗಳು ಬಂದು ಕುಳಿತವು. ಅವುಗಳ ಹೆಸರು ಪೋಕೆಮಾನ್.

ಈ ಹೋಲಿಕೆ ಬರಿಯ ಕಲ್ಪನೆಯಲ್ಲ. ಪೋಕೆಮಾನ್ ಆಟದ ಜನಕ ಸತೋಶಿ ತಾಜಿರಿ ಬೆಳೆದದ್ದು ಟೋಕಿಯೊ ಅಂಚಿನ ಮಾಚಿದಾ ಎಂಬ ಊರಿನಲ್ಲಿ. ಬಾಲಕ ತಾಜಿರಿಗೆ ಹುಳು ಹಿಡಿಯುವ ಹುಚ್ಚು. ಊರು ನಗರವಾಗಿ ಬೆಳೆದಂತೆ ಕೆರೆ, ಗದ್ದೆ, ಹುಳು ಎಲ್ಲವೂ ಮಾಯವಾದವು. ಮುಂದೆ ಎರಡು ಗೇಮ್ ಬಾಯ್ ಯಂತ್ರಗಳನ್ನು ಕೇಬಲ್ಲಿನಿಂದ ಜೋಡಿಸಿದ್ದನ್ನು ಕಂಡಾಗ ಆತನಿಗೆ ಹೊಳೆದದ್ದು, ಆ ತಂತಿಯ ಮೇಲೆ ಹುಳುವೊಂದು ಈಚೆಯಿಂದ ಆಚೆಗೆ ಹರಿದುಹೋಗುವ ಚಿತ್ರ. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಮೊದಲ ಆಟ ಮಾರಾಟಕ್ಕೆ ಬಂತು. ಟಿ.ವಿ. ಕಾರ್ಟೂನಿನ ಮೂಲಕ ನಮ್ಮ ಮನೆಗಳಿಗೂ ಬಂದ ಪಿಕಾಚು, 2016ರ ಡಿಸೆಂಬರಿನಲ್ಲಿ ‘ಪೋಕೆಮಾನ್ ಗೋ’ ಅಧಿಕೃತವಾಗಿ ಭಾರತಕ್ಕೆ ಕಾಲಿಟ್ಟಾಗ ಬೀದಿಗೂ ಇಳಿಯಿತು.

ಆದರೆ ನಿಜವಾದ ಹುಚ್ಚು ಹಿಡಿದ ಮಕ್ಕಳು ಆಡುವುದು ಹಳೆಯ ಬಗೆಯ ಆಟವನ್ನೇ. ವಿದೇಶಕ್ಕೆ ಹೋದ ಚಿಕ್ಕಪ್ಪನೋ ಮಾವನೋ ತಂದುಕೊಟ್ಟ ಕೈಯಾಟದ ಯಂತ್ರದಲ್ಲಿ ಸರದಿಯ ಪ್ರಕಾರ ನಡೆಯುವ ಕಾಳಗ ಅದು. ಚದುರಂಗದಂತೆ ಅಲ್ಲಿ ಅವಸರವಿಲ್ಲ. ಒಂದು ವರಸೆ ಆರಿಸುವ ಮುನ್ನ ಮಗು ಪರದೆಯನ್ನೇ ದಿಟ್ಟಿಸುತ್ತಾ ತುಟಿಯಲ್ಲೇ ಏನೋ ಗುಣಿಸುತ್ತದೆ. ಅಡುಗೆಮನೆಯಿಂದ ಅಮ್ಮನ ಕೂಗು ಕೇಳಿಸುತ್ತದೆ: ‘ಲೆಕ್ಕದ ಪುಸ್ತಕ ತೆಗೆಯೋ ಅಂದರೆ ಅದೇನು ಆಟ?’

ಅಮ್ಮನಿಗೆ ತಿಳಿಯದ ಸಂಗತಿಯೊಂದುಂಟು. ಆ ಹೊತ್ತಿನಲ್ಲಿ ಮಗ ಮಾಡುತ್ತಿರುವುದೂ ಲೆಕ್ಕವನ್ನೇ ಇರಬಹುದು.

ಪೆಟ್ಟಿನ ಲೆಕ್ಕ

ಆಟದ ಕ್ರಮ ಸರಳ. ಎರಡು ಕಡೆಯೂ ಒಂದೊಂದು ಜೀವಿ. ಪ್ರತಿಯೊಂದಕ್ಕೂ ಇಷ್ಟೆಂದು ಪ್ರಾಣಶಕ್ತಿ ಇರುತ್ತದೆ. ಮಕ್ಕಳು ಅದನ್ನು ಎಚ್‌ಪಿ ಎನ್ನುತ್ತಾರೆ. ಪೆಟ್ಟು ಬಿದ್ದಂತೆ ಎಚ್‌ಪಿ ಕರಗುತ್ತದೆ, ಸೊನ್ನೆಯಾದರೆ ಸೋಲು. ಹಾಗಾದರೆ ನನ್ನ ಒಂದು ಪೆಟ್ಟಿಗೆ ಎದುರಾಳಿಯ ಎಚ್‌ಪಿ ಎಷ್ಟು ಕರಗೀತು? ಇಡೀ ಆಟ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಒಂದು ಉದಾಹರಣೆ ನೋಡೋಣ. ಒಂದು ಕಡೆ ಪಿಕಾಚು, ಇನ್ನೊಂದು ಕಡೆ ನೀರಿನ ಆಮೆಮರಿ ಸ್ಕ್ವರ್ಟಲ್. ಎರಡೂ 50ನೇ ಮಟ್ಟದವು. ಹುಟ್ಟುಗುಣ ಪೂರ್ತಿ ಇದ್ದು ವಿಶೇಷ ತರಬೇತಿ ಇಲ್ಲದಿದ್ದರೆ ಪಿಕಾಚುವಿನ ಮಿಂಚಿನಂಥ ವರಸೆಗಳ ಹಿಂದಿನ ಬಲ 70, ಅವುಗಳನ್ನು ತಡೆಯುವ ಸ್ಕ್ವರ್ಟಲ್‌ನ ಬಲ 84, ಅದರ ಎಚ್‌ಪಿ 119. ಪಿಕಾಚು ‘ಥಂಡರ್‌ಬೋಲ್ಟ್’ ಎಂಬ ವರಸೆ ಹೂಡುತ್ತದೆ. ಅದರ ಶಕ್ತಿ 90.

ಆಟದ ಯಂತ್ರ ಲೆಕ್ಕ ಹಾಕುವ ಬಗೆ ಹೀಗಿದೆ. ಮೊದಲು ಮಟ್ಟವನ್ನು ಎರಡರಿಂದ ಗುಣಿಸಿ, ಐದರಿಂದ ಭಾಗಿಸಿ, ಎರಡು ಕೂಡಿಸಬೇಕು. 50ನೇ ಮಟ್ಟಕ್ಕೆ ಅದು 22. ಇದನ್ನು ವರಸೆಯ ಶಕ್ತಿ 90ರಿಂದ ಗುಣಿಸಿದರೆ 1980. ಅದನ್ನು ಹೊಡೆಯುವವನ ಬಲ 70ರಿಂದ ಗುಣಿಸಿ ತಡೆಯುವವನ ಬಲ 84ರಿಂದ ಭಾಗಿಸಿದರೆ 1650. ಮತ್ತೆ 50ರಿಂದ ಭಾಗಿಸಿದರೆ 33. ಕೊನೆಗೆ ಎರಡು ಕೂಡಿಸಿದರೆ 35. ಇದು ಮೂಲ ಪೆಟ್ಟು.

ಇದರ ಮೇಲೆ ಮೂರು ಸಂಗತಿಗಳು ಕೂಡಿಕೊಳ್ಳುತ್ತವೆ. ಮೊದಲನೆಯದು ಅದೃಷ್ಟ. ಯಂತ್ರ 85ರಿಂದ 100ರವರೆಗಿನ ಹದಿನಾರು ಅಂಕಿಗಳಲ್ಲಿ ಒಂದನ್ನು ಎತ್ತಿಕೊಂಡು ಪೆಟ್ಟಿನ ಅಷ್ಟು ಶೇಕಡಾವನ್ನು ಮಾತ್ರ ಉಳಿಸುತ್ತದೆ. ಎರಡನೆಯದು ಸ್ವಂತ ಕಸುಬು. ವಿದ್ಯುತ್ ಜಾತಿಯ ಪಿಕಾಚು ವಿದ್ಯುತ್ತಿನ ವರಸೆಯನ್ನೇ ಹೂಡಿದರೆ ಒಂದೂವರೆ ಪಟ್ಟು. ಮೂರನೆಯದು ಜಾತಿಯ ಸಂಬಂಧ. ನೀರಿನ ಜೀವಿಗೆ ವಿದ್ಯುತ್ ತಾಗಿದರೆ ಎರಡು ಪಟ್ಟು. ಅದೇ ವಿದ್ಯುತ್ತನ್ನು ನೆಲದ ಜಾತಿಯ ಜೀವಿಯ ಮೇಲೆ ಬಿಟ್ಟರೆ ಪೆಟ್ಟು ಸೊನ್ನೆ. ಮನೆಗೆ ಅರ್ತಿಂಗ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಥ ದೊಡ್ಡ ಸಂಖ್ಯೆಯನ್ನೂ ಸೊನ್ನೆಯಿಂದ ಗುಣಿಸಿದರೆ ಉಳಿಯುವುದು ಸೊನ್ನೆಯೇ ಎಂಬ ಪಾಠವನ್ನು ಮಕ್ಕಳು ಇಲ್ಲಿ ಒಂದೇ ಸೋಲಿನಲ್ಲಿ ಕಲಿಯುತ್ತಾರೆ.

ಪ್ರತಿ ಹೆಜ್ಜೆಯಲ್ಲೂ ಯಂತ್ರ ಅಪೂರ್ಣಾಂಕವನ್ನು ಬಿಟ್ಟುಬಿಡುತ್ತದೆ. ಎಲ್ಲ ಮುಗಿದಾಗ ಪಿಕಾಚುವಿನ ಪೆಟ್ಟು ಕನಿಷ್ಠ 86, ಗರಿಷ್ಠ 104. ಸ್ಕ್ವರ್ಟಲ್‌ನ ಎಚ್‌ಪಿ 119 ಆದ್ದರಿಂದ ಒಂದೇ ಪೆಟ್ಟಿಗೆ ಅದು ಬೀಳುವುದಿಲ್ಲ, ಎರಡು ಪೆಟ್ಟಿಗೆ ಖಂಡಿತ ಬೀಳುತ್ತದೆ. ಈಚಿನ ಆಟಗಳಲ್ಲಿ 24ಕ್ಕೆ ಒಂದರಂತೆ ಬರುವ ಒಂದೂವರೆ ಪಟ್ಟಿನ ‘ಕ್ರಿಟಿಕಲ್’ ಪೆಟ್ಟು ಬಿದ್ದರೆ ಮಾತ್ರ ಮಾತು ಬೇರೆ. ಆಗ ಕನಿಷ್ಠ ಪೆಟ್ಟೇ 132.

ಬಾಯಿಲೆಕ್ಕದ ದಾರಿ

ಇಷ್ಟೆಲ್ಲ ಲೆಕ್ಕ ಆಟದ ನಡುವೆ ಸಾಧ್ಯವೇ? ಪಳಗಿದ ಮಕ್ಕಳಿಗೆ ಒಂದು ಒಳದಾರಿ ಗೊತ್ತು. 50ನೇ ಮಟ್ಟದಲ್ಲಿ 22ನ್ನು 50ರಿಂದ ಭಾಗಿಸುವುದು ಯಾವಾಗಲೂ ಇದ್ದದ್ದೇ. ಎಂದರೆ ವರಸೆಯ ಶಕ್ತಿಯಲ್ಲಿ ಶೇಕಡಾ 44, ಅರ್ಧಕ್ಕಿಂತ ತುಸು ಕಡಿಮೆ. 90ಕ್ಕೆ ಸುಮಾರು 40. ಬಲಾಬಲ 70ಕ್ಕೆ 84, ಅಂದರೆ ಆರರಲ್ಲಿ ಐದು ಪಾಲು, 33 ಆಯಿತು. ಎರಡು ಕೂಡಿಸಿ 35. ಒಂದೂವರೆ ಮತ್ತು ಎರಡು ಸೇರಿ ಮೂರು ಪಟ್ಟು, 105. ಅದರ ಶೇಕಡಾ 85 ಎಂದರೆ 89. ‘89ರಿಂದ 105ರ ಒಳಗೆ’ ಎಂದು ಹುಡುಗಿ ಹೇಳುತ್ತಾಳೆ. ನಿಜವಾದ ಉತ್ತರ 86ರಿಂದ 104. ಕಾಗದ ಪೆನ್ಸಿಲ್ ಮುಟ್ಟದೆ ಇಷ್ಟು ಹತ್ತಿರ ಬಂದದ್ದು ಕಡಿಮೆ ಸಾಧನೆಯೇನಲ್ಲ.

ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ನಾಡು ನಮ್ಮದು. ಸಂತೆಯಲ್ಲಿ ಇಂಥ ಪ್ರಮಾಣದ ಲೆಕ್ಕವನ್ನು ತ್ರೈರಾಶಿಯಿಂದ ಬಾಯಲ್ಲೇ ಬಿಡಿಸುತ್ತಿದ್ದ ಅಜ್ಜಂದಿರು ಪ್ರತಿ ಊರಿನಲ್ಲೂ ಇದ್ದರು. ಕ್ಯಾಲ್ಕುಲೇಟರ್ ಬಂದ ಮೇಲೆ ಮರೆಯಾಗುತ್ತಿರುವ ಆ ಅಂದಾಜಿನ ಅಭ್ಯಾಸ ಆಟದ ನೆಪದಲ್ಲಿ ಮರಳಿ ಬಂದರೆ ಬೇಡವೆನ್ನಬೇಕೆ?

ಪೀಣ್ಯದ ಅಪ್ಪನಿಗೆ ಗೊತ್ತಿರುವ ಗುಟ್ಟು

ಇಲ್ಲಿ ಮುಖ್ಯವಾದ ಮಾತೊಂದಿದೆ. ಉತ್ತರ ಒಂದು ಸಂಖ್ಯೆಯಾಗಿ ಬರಲಿಲ್ಲ. ‘ಇಷ್ಟರಿಂದ ಇಷ್ಟರವರೆಗೆ’ ಎಂದು ಬಂತು. ಶಾಲೆಯ ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದರೆ ಅಂಕ ಸಿಗುವುದು ಕಷ್ಟ. ಆದರೆ ಪೀಣ್ಯದ ಯಾವ ಯಂತ್ರಶಾಲೆಗೆ ಹೋದರೂ ಡ್ರಾಯಿಂಗಿನಲ್ಲಿ ಕಾಣುವುದು ಇಂಥ ಉತ್ತರವೇ.

ಲೇತ್ ಮುಂದೆ ನಿಂತ ಕೆಲಸಗಾರನ ಕೈಗೆ ಬರುವ ಡ್ರಾಯಿಂಗ್ ‘25 ಮಿ.ಮೀ.’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ‘ಹೆಚ್ಚು ಅಥವಾ ಕಡಿಮೆ 0.02’ ಎಂದೂ ಹೇಳುತ್ತದೆ. 24.98ರಿಂದ 25.02ರವರೆಗಿನ ಯಾವ ಶಾಫ್ಟಾದರೂ ಸರಿಯೇ. ಮೈಕ್ರೋಮೀಟರು, ಗೋ–ನೋಗೋ ಗೇಜುಗಳಿರುವುದು ಈ ಎಲ್ಲೆಯನ್ನು ಕಾಯಲಿಕ್ಕೆ. ಶಾಫ್ಟು ತೂತಿನೊಳಗೆ ಸಲೀಸಾಗಿ ಕೂರಬೇಕಾದರೆ ನೋಡಬೇಕಾದದ್ದು ಸರಾಸರಿಯನ್ನಲ್ಲ. ಅತಿ ದಪ್ಪನೆಯ ಶಾಫ್ಟು ಅತಿ ಕಿರಿದಾದ ತೂತಿಗೆ ಬಿದ್ದರೂ ಹಿಡಿಯದೆ ಹೋಗುತ್ತದೆಯೇ ಎಂಬುದನ್ನು.

ಪಿಕಾಚು ಆಡುವ ಮಗನೂ ಇದನ್ನೇ ಕೇಳಿಕೊಳ್ಳುತ್ತಿದ್ದಾನೆ. ‘ನನ್ನ ಅತಿ ಕಡಿಮೆ ಪೆಟ್ಟು ಬಿದ್ದರೂ ಅವನು ಬೀಳುತ್ತಾನೆಯೇ?’ ಅಪ್ಪ ಮಗ ಇಬ್ಬರೂ ಒಂದೇ ಪಾಠದ ಎರಡು ಪುಟಗಳನ್ನು ಓದುತ್ತಿದ್ದಾರೆ. ಒಬ್ಬರು ಓದುತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ.

ನಾಲ್ಕು ಎಚ್‌ಪಿಯ ಅಂತರ

ಅಂದಾಜು ತಪ್ಪಿದರೆ ಏನಾದೀತು ಎಂಬುದಕ್ಕೆ ಅದೇ ಜೋಡಿಯನ್ನು ನೋಡೋಣ. ಆಟ ಸಾಗಿದೆ. ಸ್ಕ್ವರ್ಟಲ್‌ಗೆ 92 ಎಚ್‌ಪಿ ಉಳಿದಿದೆ. ಪಿಕಾಚುವಿನ ಸ್ಥಿತಿ ಇನ್ನೂ ಕೆಟ್ಟದು. ಇನ್ನೊಂದು ಪೆಟ್ಟು ತಿಂದರೆ ಉಳಿಗಾಲವಿಲ್ಲ. ವೇಗ ಹೆಚ್ಚಾದ್ದರಿಂದ ಮೊದಲ ಏಟು ಪಿಕಾಚುವಿನದೇ. ಅದರ ಬಳಿ ಎರಡು ವರಸೆಗಳಿವೆ. ಒಂದು, ನಾವು ನೋಡಿದ ಥಂಡರ್‌ಬೋಲ್ಟ್. ಅದು ಗುರಿ ತಪ್ಪುವುದಿಲ್ಲ. ಇನ್ನೊಂದು ‘ಥಂಡರ್’. ಅದರ ಶಕ್ತಿ 110. ತಾಗಿದರೆ ಕನಿಷ್ಠ ಪೆಟ್ಟೇ 104. ಆದರೆ ನೂರಕ್ಕೆ 70 ಸಲ ಮಾತ್ರ ತಾಗುತ್ತದೆ. ಯಾವುದನ್ನು ಆರಿಸಬೇಕು?

ಥಂಡರ್‌ಬೋಲ್ಟ್‌ನ ಹದಿನಾರು ಸಾಧ್ಯತೆಗಳನ್ನು ಬಿಡಿಸಿ ಬರೆದರೆ 86 ಒಂದು ಸಲ, 90, 92, 96, 98 ತಲಾ ಮೂರು ಸಲ, 102 ಎರಡು ಸಲ, 104 ಒಂದು ಸಲ ಬರುತ್ತವೆ. 92 ಅಥವಾ ಹೆಚ್ಚಿನ ಪೆಟ್ಟು 16ರಲ್ಲಿ 12 ಸಲ. ಅಂದರೆ ಶೇಕಡಾ 75. ಥಂಡರ್‌ಗೆ ಶೇಕಡಾ 70. ಆದ್ದರಿಂದ ಥಂಡರ್‌ಬೋಲ್ಟ್ ಮೇಲು.

ಈಗ ಉಳಿದಿರುವುದು 92ರ ಬದಲು 96 ಎಂದಿಟ್ಟುಕೊಳ್ಳಿ. ಥಂಡರ್‌ಬೋಲ್ಟ್‌ಗೆ 16ರಲ್ಲಿ 9 ಮಾತ್ರ, ಶೇಕಡಾ 56 ಚಿಲ್ಲರೆ. ಥಂಡರ್‌ಗೆ ಮೊದಲಿನಂತೆಯೇ 70. ಕ್ರಿಟಿಕಲ್ ಪೆಟ್ಟಿನ ಸಾಧ್ಯತೆ ಸೇರಿಸಿದರೂ ಎರಡು ತೀರ್ಪುಗಳೂ ಬದಲಾಗವು. ನಾಲ್ಕೇ ನಾಲ್ಕು ಎಚ್‌ಪಿ ಹೆಚ್ಚಾದದ್ದಕ್ಕೆ ಸರಿಯಾದ ಆಯ್ಕೆ ತಿರುಗಿತು. ‘ದೊಡ್ಡ ವರಸೆಯೇ ಒಳ್ಳೆಯದು’ ಎಂಬ ಹುಡುಗನೂ ‘ಗುರಿ ತಪ್ಪದ್ದೇ ಒಳ್ಳೆಯದು’ ಎಂಬ ಹುಡುಗನೂ ಒಂದೊಂದು ಸಲ ಸೋಲುತ್ತಾರೆ.

ಇನ್ನು, ಪಿಕಾಚುವಿಗೆ ಇನ್ನೊಂದು ಪೆಟ್ಟು ತಾಳಿಕೊಳ್ಳುವ ಶಕ್ತಿ ಇದ್ದರೆ? ಆಗ ಯೋಚನೆಯೇ ಬೇಡ. ಥಂಡರ್‌ಬೋಲ್ಟ್ ಎರಡು ಸಲ ಹೂಡಿದರೆ ಕೆಲಸ ಖಚಿತ. ಅಪಾಯ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಸಾಧ್ಯತೆ ಒಂದೇ ಅಲ್ಲ; ತಪ್ಪಿದರೆ ತೆರಬೇಕಾದ ಬೆಲೆಯೂ ಹೌದು. ಮಾರತ್‌ಹಳ್ಳಿಯಿಂದ ವೈಟ್‌ಫೀಲ್ಡ್‌ಗೆ ಬಸ್ಸಿನಲ್ಲಿ ಹೋಗುವವರು ಇದನ್ನು ಬಲ್ಲರು. ನೆಂಟರ ಮನೆಗಾದರೆ ಮಾಮೂಲಿ ಹೊತ್ತಿಗೆ ಹೊರಡುತ್ತಾರೆ. ಮಗನ ಪರೀಕ್ಷೆಗಾದರೆ ರಸ್ತೆ ಕಟ್ಟಿಕೊಂಡೀತು ಎಂದು ಒಂದು ಗಂಟೆ ಮೊದಲೇ ಹೊರಡುತ್ತಾರೆ. ದಾರಿ ಅದೇ, ಅಂದಾಜೂ ಅದೇ. ತಪ್ಪಿನ ಬೆಲೆ ಬೇರೆ.

ಅಜ್ಜಿಯ ಕವಡೆ

ಹದಿನಾರು ಎಂಬ ಸಂಖ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಚೌಕಾಬಾರಾ ಆಡುವ ಅಜ್ಜಿ ನಾಲ್ಕು ಕವಡೆ ಎಸೆದಾಗ ಅವು ಬೀಳುವ ಬಗೆಗಳು ಒಟ್ಟು ಹದಿನಾರೇ. ಬೋರಲೂ ಅಂಗಾತವೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ, ಎರಡು ಬೀಳುವ ಬಗೆ ಆರು. ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ಚೌಕಾ ಮತ್ತು ಬಾರಾಕ್ಕೆ ಒಂದೊಂದೇ. ಅದಕ್ಕೇ ಬಾರಾ ಬಿದ್ದರೆ ಅಷ್ಟು ಸಂಭ್ರಮ.

ಪೋಕೆಮಾನಿನ ಹದಿನಾರು ಅಂಕಿಗಳು ಹಾಗಲ್ಲ. 85ಕ್ಕೂ 92ಕ್ಕೂ 100ಕ್ಕೂ ಒಂದೇ ಅವಕಾಶ. ನಡುವಿನದು ಹೆಚ್ಚು ಬರುತ್ತದೆ ಎಂದು ನಂಬಿ ಆಡಿದವನು ಮೋಸಹೋಗುತ್ತಾನೆ. ಅದೃಷ್ಟದಲ್ಲೂ ಬಗೆಗಳುಂಟು ಎಂಬುದನ್ನು ಅಜ್ಜಿಯ ಕವಡೆಯನ್ನೂ ಮೊಮ್ಮಗಳ ಯಂತ್ರವನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಸಂಜೆಯಲ್ಲಿ ತಿಳಿಯಬಹುದು.

ಒಂದು ಪೆಟ್ಟು ಹೇಳುವ ಸುದ್ದಿ

ಕಾಳಗದಲ್ಲಿ ಎದುರಾಳಿಯ ಗುಟ್ಟುಗಳೆಲ್ಲ ಕಾಣುವುದಿಲ್ಲ. ಎಚ್‌ಪಿಯ ಅಂಕಿಯ ಬದಲು ಪಟ್ಟಿಯ ಉದ್ದ ನೋಡಿ ಊಹಿಸಬೇಕು. ಸ್ಕ್ವರ್ಟಲ್‌ಗೆ ವಿಶೇಷ ತರಬೇತಿ ಆಗಿದೆಯೋ ಇಲ್ಲವೋ ತಿಳಿಯದು. ತಡೆಯುವ ಬಲದಲ್ಲೇ ತರಬೇತಿ ಪೂರ್ತಿಯಾಗಿದ್ದರೆ 84 ಇದ್ದದ್ದು 116 ಆಗುತ್ತದೆ. ಆಗ ಅದೇ ಥಂಡರ್‌ಬೋಲ್ಟ್‌ನ ಪೆಟ್ಟು 62ರಿಂದ 74ಕ್ಕೆ ಇಳಿಯುತ್ತದೆ.

ಚುರುಕಾದ ಮಗು ಇದನ್ನು ತಿರುಗಿಸಿ ಓದುತ್ತದೆ. ಮೊದಲ ಪೆಟ್ಟಿಗೆ ಪಟ್ಟಿ ಮುಕ್ಕಾಲರಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ತರಬೇತಿ ಇಲ್ಲ. ಅರ್ಧ ದಾಟಿ ಅಲ್ಲೇ ನಿಂತರೆ ತರಬೇತಿಯೋ ಬೇರೆ ರಕ್ಷಣೆಯೋ ಇದೆ. ಮೊದಲು ಅಂದಾಜು ಮಾಡಿಕೊಂಡವರಿಗೆ ಮಾತ್ರ ಪೆಟ್ಟು ಈ ಸುದ್ದಿ ಹೇಳುತ್ತದೆ. ಸುಮ್ಮನೆ ಗುಂಡಿ ಒತ್ತಿದವರಿಗೆ ಅದು ಬರಿಯ ಬೆಳಕು, ಸದ್ದು. ವೈದ್ಯರು ಔಷಧ ಕೊಟ್ಟು ಜ್ವರ ಇಳಿದ ಬಗೆ ನೋಡುವುದೂ ವಿಜ್ಞಾನಿ ಪ್ರಯೋಗ ಮಾಡುವುದೂ ಇದೇ ರೀತಿಯಲ್ಲಿ: ಮೊದಲು ನಿರೀಕ್ಷೆ, ಆಮೇಲೆ ಪರೀಕ್ಷೆ.

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕೆಲಸ ಮಾಡುವ ತಂದೆತಾಯಂದಿರಿಗೆ ಇನ್ನೊಂದು ಸ್ವಾರಸ್ಯ. 1996ರ ಮೊದಲ ಆಟದಲ್ಲಿ ‘ನೂರಕ್ಕೆ ನೂರು’ ತಾಗಬೇಕಾದ ವರಸೆಯೂ 256 ಸಲಕ್ಕೆ ಒಮ್ಮೆ ತಪ್ಪುತ್ತಿತ್ತು. ಗೇಮ್ ಬಾಯ್ ಎಂಟು ಬಿಟ್ಟಿನ ಯಂತ್ರ. 0ಯಿಂದ 255ರವರೆಗೆ ಒಂದು ಅಂಕಿ ಎತ್ತಿ, ಅದು 255ಕ್ಕಿಂತ ಕಡಿಮೆಯೇ ಎಂದು ಪರೀಕ್ಷಿಸುತ್ತಿತ್ತು. 255 ಎಂಬ ಅಂಕಿಯೇ ಬಂದಾಗ ಪರೀಕ್ಷೆ ಸೋಲುತ್ತಿತ್ತು. ‘ಕಡಿಮೆ’ ಎಂಬಲ್ಲಿ ‘ಕಡಿಮೆ ಅಥವಾ ಸಮ’ ಎಂದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಒಂದೇ ಚಿಹ್ನೆಯ ಈ ವ್ಯತ್ಯಾಸ ಎಷ್ಟೋ ಮಕ್ಕಳನ್ನು ಗೆಲ್ಲುವ ಆಟದಲ್ಲಿ ಸೋಲಿಸಿರಬೇಕು.

ಎಲ್ಲಿಯವರೆಗೆ?

ಹಾಗೆಂದು ಆಟಕ್ಕೆ ಹೊತ್ತುಗೊತ್ತಿಲ್ಲದೆ ಬಿಡಬೇಕೆಂದಲ್ಲ. ಲೆಕ್ಕ ಇದೆ ಎಂಬ ಕಾರಣಕ್ಕೆ ಯಾವ ಆಟವೂ ನಿದ್ದೆಗಿಂತ, ಬಯಲಿನ ಓಟಕ್ಕಿಂತ ದೊಡ್ಡದಾಗುವುದಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಜಾಗ ಸಿಕ್ಕಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷದ ಕಾಲ ಇವು ಕಂಡುಬಂದರೆ ಗೀಳು ಎನ್ನುತ್ತಾರೆ. ಇಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾ ಸೇವೆ ಆರಂಭಿಸಿತು.

ಹಣ ಕಟ್ಟಿ ಆಡುವ ಆಟಗಳ ಮಾತು ಇನ್ನೂ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್ ಹಾಗೂ ಸಾಮಾಜಿಕ ಆಟಗಳನ್ನು ಬೇರೆಯಾಗಿಟ್ಟಿತು. ಪೆಟ್ಟಿನ ಲೆಕ್ಕ ಕಲಿತ ಮಗುವಿಗೆ ಈ ಭೇದವನ್ನು ತಿಳಿಸುವುದು ಸುಲಭ. ಇಲ್ಲಿ ಹದಿನಾರು ಸಾಧ್ಯತೆಗಳೂ ಇಬ್ಬರಿಗೂ ಒಂದೇ. ಜೂಜಿನ ಅಂಗಡಿಯಲ್ಲಿ ಸಾಧ್ಯತೆಗಳನ್ನು ಬರೆದಿಟ್ಟವನು ಅಂಗಡಿಯವನೇ. ಬಹಳ ಹೊತ್ತು ಆಡಿದರೆ ಗೆಲ್ಲುವವನೂ ಅವನೇ.

ಹಾಗಾದರೆ ಮಗು ಯೋಚಿಸುತ್ತಿದೆಯೋ ಬರಿದೆ ಗುಂಡಿ ಒತ್ತುತ್ತಿದೆಯೋ ಎಂದು ತಿಳಿಯುವುದು ಹೇಗೆ? ಕಂಪ್ಯೂಟರಿನಲ್ಲಿ ಪೆಟ್ಟನ್ನು ಲೆಕ್ಕ ಹಾಕಿಕೊಡುವ ಸಲಕರಣೆಗಳೂ ಇರುವಾಗ ಅಂಕಿ ಒಪ್ಪಿಸಿದ ಮಾತ್ರಕ್ಕೆ ನಂಬಬೇಕಾಗಿಲ್ಲ. ಪಾಲಕರು ಮಾಡಬೇಕಾದದ್ದು ಇಷ್ಟೆ. ಮಗು ವರಸೆ ಆರಿಸುವ ಮುನ್ನ ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿ. ಎಷ್ಟರಿಂದ ಎಷ್ಟರವರೆಗೆ ಪೆಟ್ಟು ಬೀಳುತ್ತದೆ? ಕಡಿಮೆ ಬಿದ್ದರೆ ಏನು ಮಾಡುತ್ತೀಯ? ತಪ್ಪಿದರೆ ಕಳೆದುಕೊಳ್ಳುವುದೇನು?

ಉತ್ತರ ಬಂದರೆ ಅಂದಿನ ಆಟ ವ್ಯರ್ಥವಾಗಲಿಲ್ಲ. ಬಾರದಿದ್ದರೆ ಯಂತ್ರವನ್ನು ಪಕ್ಕಕ್ಕಿಟ್ಟು ಒಂದು ಹಾಳೆಯ ಮೇಲೆ ಇಬ್ಬರೂ ಸೇರಿ ಹದಿನಾರು ಸಾಧ್ಯತೆಗಳನ್ನು ಬರೆಯಬಹುದು. ಪೀಣ್ಯದಲ್ಲಿ ಪಾಳಿ ಮುಗಿಸಿ ಬಂದ ಅಪ್ಪನಿಗೆ ಆಗ ‘ಟಾಲರೆನ್ಸ್’ ಎಂದರೇನೆಂದು ಹೇಳಲು ಒಳ್ಳೆಯ ಸಮಯ. ಕೇಳಲು ಮಗನೂ ಸಿದ್ಧನಿರುತ್ತಾನೆ. ನಾಳೆ ಗೆಳೆಯನ ಸ್ಕ್ವರ್ಟಲ್ ಜೊತೆ ಅವನಿಗೆ ಕಾಳಗವಿದೆ.